ಪುಕ್ಕಟೆ ಕ್ಯೂಆರ್ ಕೋಡ್ ಮತ್ತು ನಮ್ಮ ಗೃಹಪ್ರವೇಶ

ಎಡವಟ್ಟುಗಳು ಬೇರೆಯವರ ಮನೆಗೆ ನೆಂಟರ ಹಾಗೆ ಬಂದು ಹೋಗುತ್ತವೆ. ನಮ್ಮ ಮನೆಯಲ್ಲಿ ಬಿಡಾರವನ್ನೇ ಹೂಡಿವೆ. ಅದರಲ್ಲೂ ಸ್ವೀಡನ್ನಿನ ಸೋಡರ್‌ಟೆಲ್ಯೆಯಲ್ಲಿ ನಾವು ಸ್ವಂತ ಫ್ಲಾಟ್ ಕೊಂಡ ವರ್ಷ ಅವಕ್ಕೆ ಹಬ್ಬ. ಫೋನಿನ ಕ್ಯಾಮೆರಾ ತಾನಾಗಿಯೇ ಕ್ಯೂಆರ್ ಕೋಡ್ ಓದಲು ಕಲಿತಿದ್ದ ಕಾಲ. ಪುಕ್ಕಟೆಯಾಗಿ ಕೋಡ್ ಮಾಡಿಕೊಡುವ ವೆಬ್‌ಸೈಟೊಂದು ನನ್ನ ಕಣ್ಣಿಗೆ ಬಿತ್ತು. ಲಾರಿ ಕಾರ್ಖಾನೆಯಲ್ಲಿ ಬ್ರೇಕ್ ಪರೀಕ್ಷಿಸುವ ನನ್ನನ್ನು ಹಿಡಿಯುವವರೇ ಇಲ್ಲವಾಯಿತು.

ಹೆಂಡತಿಗೆ ಇದ್ದದ್ದು ಒಂದೇ ಆಸೆ: ಪರಿಚಯದ ಕನ್ನಡದವರೆಲ್ಲ ಬಂದು ಗೃಹಪ್ರವೇಶದ ದಿನ ಮನೆ ತುಂಬಬೇಕು. ಆಹ್ವಾನಪತ್ರಿಕೆಯ ಜವಾಬ್ದಾರಿ ನನ್ನದು. ಅದಕ್ಕೆ ಮೊದಲು ಕೋಡಿನಲ್ಲಿ ಕೈ ಪಳಗಿಸಿಕೊಳ್ಳೋಣ ಎಂದುಕೊಂಡೆ.

ಮೈಸೂರು ಪಾಕಿನ ಒಳಗುಟ್ಟು

ಶುಕ್ರವಾರದ ಫೀಕಾಕ್ಕೆ, ಅಂದರೆ ಆಫೀಸಿನ ಕಾಫಿ ವಿರಾಮಕ್ಕೆ, ತಿಂಡಿ ತರುವ ಸರದಿ ನನ್ನದು. ಮೈಸೂರು ಪಾಕ್ ಒಯ್ದೆ. ಇಲ್ಲಿಯವರು ಬಾಯಿಗಿಡುವ ಮುನ್ನ ಹಾಲಿದೆಯಾ, ಗೋಧಿಯಿದೆಯಾ, ಬೀಜವಿದೆಯಾ ಎಂದು ವಿಚಾರಿಸುತ್ತಾರೆ. ಒಬ್ಬೊಬ್ಬರಿಗೂ ಹೇಳುವವರಾರು ಎಂದು ಎಲ್ಲ ವಿವರವನ್ನೂ ಒಂದು ಕೋಡಿಗೆ ತುಂಬಿ ಡಬ್ಬಿಯ ಮೇಲೆ ಅಂಟಿಸಿದೆ.

ಪುಕ್ಕಟೆ ಕೋಡಿನಲ್ಲಿ ಮೊದಲು ಜಾಹೀರಾತು, ಆಮೇಲೆ ವಿವರ ಎಂಬುದು ನನಗೆ ಗೊತ್ತಿರಲಿಲ್ಲ. ಬಾಸ್ ಸ್ಕ್ಯಾನ್ ಮಾಡಿದರೆ ಬೊಜ್ಜು ಕರಗಿಸುವ ಮಾತ್ರೆ ಚಿತ್ರಸಮೇತ ತೆರೆದುಕೊಂಡಿತು. ಅವರು ಅದನ್ನು ಪೂರ್ತಿ ಓದಿ, ಬೆರಳಿಗಂಟಿದ ತುಪ್ಪವನ್ನು ನೋಡಿ, ಇಷ್ಟು ಪ್ರಾಮಾಣಿಕ ಮನುಷ್ಯನನ್ನು ತಾನು ಕಂಡೇ ಇಲ್ಲ ಎಂದು ಎಲ್ಲರೆದುರು ನನ್ನನ್ನು ಹೊಗಳಿದರು.

ಬಟ್ಟೆ ಒಗೆಯುವ ಕೋಣೆಯ ಬೈಗುಳ

ಆಗಿನ್ನೂ ನಾವು ಬಾಡಿಗೆ ಮನೆಯಲ್ಲೇ ಇದ್ದೆವು. ಕಟ್ಟಡಕ್ಕೆಲ್ಲ ಒಂದೇ ಬಟ್ಟೆ ಒಗೆಯುವ ಕೋಣೆ. ಯಾರೋ ಒಬ್ಬರು ಡ್ರೈಯರಿನ ಜಾಲರಿಯಲ್ಲಿ ನೂಲಿನ ಕಸ ಬಿಟ್ಟು ಹೋಗುತ್ತಿದ್ದರು. ಈ ದೇಶದಲ್ಲಿ ಎದುರಿಗೆ ನಿಂತು ಜಗಳವಾಡುವ ಪದ್ಧತಿಯಿಲ್ಲ. ಗೋಡೆಗೆ ಖಾರವಾದ ಚೀಟಿ ಅಂಟಿಸಿ ಹೋಗುತ್ತಾರೆ. ಖಾರ ಹಚ್ಚುವಷ್ಟು ಸ್ವೀಡಿಷ್ ನನಗೆ ಬಾರದು. ದಾವಣಗೆರೆಯಿಂದ ಬಂದಿದ್ದ ನಮ್ಮ ಅತ್ತೆಯ ಮುಂದೆ ಫೋನ್ ಹಿಡಿದು, ನೀವೇ ಬೈಯಿರಿ, ಆ ಧ್ವನಿಯನ್ನು ಕೋಡಿಗೆ ಹಾಕುತ್ತೇನೆ ಎಂದೆ.

ಮುಖ ನೋಡದವರನ್ನು ಬೈಯಲು ಅವರಿಗೆ ಮನಸ್ಸು ಬರಲಿಲ್ಲ. ಫೋನ್ ಎಂದರೆ ಊರಿಗೆ ಕೇಳುವಂತೆ ಕೂಗಬೇಕು ಎಂದು ನಂಬಿದವರು. "ಊಟ ಆತೇನಪ್ಪಾ? ಚಳಿ ಭಾಳ ಐತಿ, ಕಿವಿ ಮುಚ್ಕೊಂಡು ಓಡಾಡು" ಎಂದು ಗೋಡೆ ನಡುಗುವಂತೆ ವಿಚಾರಿಸಿಕೊಂಡರು. ಅದನ್ನೇ ಹಾಕಿದೆ.

ಮರುದಿನ ಜಾಲರಿ ಫಳಫಳ. ಕೋಡಿನ ಕೆಳಗೊಂದು ಚೀಟಿ: ತಪ್ಪಾಯಿತು, ಇನ್ನು ಮುಂದೆ ಹೀಗಾಗುವುದಿಲ್ಲ, ದಯವಿಟ್ಟು ಆ ಹೆಂಗಸನ್ನು ಇಲ್ಲಿಗೆ ಕಳಿಸಬೇಡಿ.

ನಾಲ್ಕನೆಯ ಮೂಲೆ

ಆಹ್ವಾನಪತ್ರಿಕೆಯಲ್ಲಿ ಹೊಸ ಮನೆಯ ವಿಳಾಸ ಬರೆಯಿರಿ ಎಂದು ಹೆಂಡತಿ ಬೇಡಿಕೊಂಡಳು. ನಾನು ಕೇಳಬೇಕಲ್ಲ! ಮೇಲೆ ಗಣಪತಿ, ಕೆಳಗೆ ದೊಡ್ಡ ಕೋಡು. ಸ್ಕ್ಯಾನ್ ಮಾಡಿದರೆ ಹೊಸ ಮನೆಗೆ ದಾರಿ ತೋರಿಸುವ ನಕ್ಷೆ. ಎಲ್ಲವನ್ನೂ ಪರೀಕ್ಷಿಸಿ, ಲಕೋಟೆಗೆ ತುಂಬಲು ಅತ್ತೆಗೆ ಕೊಟ್ಟು ಕೆಲಸಕ್ಕೆ ಹೋದೆ. ಸಂಜೆಯ ಹೊತ್ತಿಗೆ ಅವು ಅಂಚೆಗೆ ಬಿದ್ದಿದ್ದವು.

ಗೃಹಪ್ರವೇಶದ ಬೆಳಗ್ಗೆ ಒಲೆಯ ಮೇಲೆ ಹಾಲು, ಮುಹೂರ್ತ ಹತ್ತಿರ, ಕರೆದವರಲ್ಲಿ ಮಾತ್ರ ಒಂದು ನರಪಿಳ್ಳೆಯೂ ಬಂದಿಲ್ಲ. ಹೆಂಡತಿಯ ಕಣ್ಣಲ್ಲಿ ನೀರು ಕಂಡು ನನಗೆ ಸಂಕಟವಾಯಿತು. ಪುರೋಹಿತರು ನಮ್ಮೆಲ್ಲರ ಫೋನಿನ ಬಾಯಿ ಮುಚ್ಚಿಸಿದ್ದರು. ಕದ್ದು ನೋಡಿದರೆ ಕರೆಗಳ ಸಾಲು, ಜೊತೆಗೆ ನಮ್ಮ ಪತ್ರಿಕೆಯ ಫೋಟೋ. ಕೋಡಿನ ನಾಲ್ಕೂ ಮೂಲೆಗೆ ಒದ್ದೆ ಅರಿಶಿನ ಬಳಿದಿತ್ತು. ಫೋನು ಕೋಡನ್ನು ಗುರುತು ಹಿಡಿಯುವುದೇ ಮೂರು ಮೂಲೆಯ ಚೌಕಗಳಿಂದ.

ಅತ್ತೆಯನ್ನು ಕೇಳಿದೆ. "ಶುಭಪತ್ರಿಕೆ ಹಂಗೇ ಕಳಿಸ್ತಾರೇನ್ರಿ? ಅದೂ ಅಲ್ದೆ ನೀವು ಮೂರು ಮೂಲೆಗೆ ಚೌಕ ಬರೆದು ನಾಲ್ಕನೇದು ಮರೆತಿದ್ರಿ. ಅದನ್ನೂ ಕುಂಕುಮದಾಗೆ ಬರೆದು ಸರಿ ಮಾಡೀನಿ" ಎಂದರು.

ಅಷ್ಟರಲ್ಲಿ ಸ್ನೇಹಿತನ ಕರೆ. ದಾರಿ ಸಿಗದೆ ಎಲ್ಲರೂ ನಮ್ಮ ಹಳೇ ಬಾಡಿಗೆ ಮನೆಗೇ ಹೋಗಿದ್ದಾರಂತೆ. ಅಲ್ಲಿರುವ ಆಂಟಿ ಬಹಳ ಒಳ್ಳೆಯವರು, ಕಾಫಿ ಆಗುತ್ತಿದೆ, ನೀವೆಲ್ಲಿದ್ದೀರಿ ಎಂದು ಕೇಳಿದ.

ಓಡಿದೆ. ಮುಹೂರ್ತಕ್ಕೆ ಮೊದಲೇ ನಾವು ಖಾಲಿ ಮಾಡಬೇಕಾಗಿ ಬಂದಿದ್ದ ಆ ಮನೆಗೆ ವಾರದ ಹಿಂದಷ್ಟೇ ಬಂದಿದ್ದ ವಯಸ್ಸಾದ ಸ್ವೀಡಿಷ್ ಹೆಂಗಸು, ಹೊಸ ನೆರೆಯವರು ತನ್ನನ್ನು ಸ್ವಾಗತಿಸಲು ಬಂದಿದ್ದಾರೆಂದು ಹಿಗ್ಗಿ ಹೀರೇಕಾಯಿಯಾಗಿದ್ದರು. ನಮ್ಮವರಲ್ಲಿ ಯಾರೋ ಕಾಫಿಗೆ ಬಿಸಿ ಹಾಲು ಕೇಳಿದ್ದರು. ನಾನು ಒಳಗೆ ಕಾಲಿಡುವುದಕ್ಕೂ ಆ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯುವುದಕ್ಕೂ ಸರಿಹೋಯಿತು. ಆಕೆ ಒರೆಸುವ ಬಟ್ಟೆ ಹಿಡಿದು ಕ್ಷಮಿಸಿ, ಕ್ಷಮಿಸಿ ಎನ್ನುತ್ತಿದ್ದರೆ, ರೇಷ್ಮೆ ಸೀರೆಯವರೆಲ್ಲ ಕೈಮುಗಿದು ಶುಭವಾಗಲಿ ಎನ್ನುತ್ತಿದ್ದರು.

ಹೆಂಡತಿ ಫೋನ್ ಮಾಡಿ, ಜನ ಸಿಕ್ಕರಾ ಎಂದಳು. "ಸಿಕ್ಕಿದ್ದಾರೆ. ಆದ್ರೆ ಮುಹೂರ್ತಕ್ಕೆ ಹಾಲು ಉಕ್ಕಿದ್ದು ಇವ್ರ ಮನೇಲಿ" ಎಂದೆ.

ಅವಳು ಹೇಳಿದಳು: "ರೀ, ಆ ಆಂಟೀನೂ ಊಟಕ್ಕೆ ಕರ್ಕೊಂಡು ಬನ್ನಿ. ಉಡುಗೊರೆ ಎಲ್ಲ ಅವ್ರಿಗೇ ಕೊಟ್ಟಿರ್ತಾರೆ."