ಏಳನೇ ಕಲಮಿನ ಅಮ್ಮ

ಹುಣಸೂರಿನ ಶಶಿಕುಮಾರನನ್ನು ಬೀದಿಗೆ ತಂದದ್ದು ಒಂದು ಒತ್ತಕ್ಷರ. ಬೀದಿ ಎಂದರೆ ಕಟ್ಟೆಮಳಲವಾಡಿಯ ನಡುಬೀದಿ. ಒತ್ತಕ್ಷರ ಯಾವುದೆಂದು ಅಂದು ಬೆಳಿಗ್ಗೆ ಹನ್ನೊಂದರವರೆಗೆ ಅವನಿಗೇ ಗೊತ್ತಿರಲಿಲ್ಲ.

ಶಶಿಕುಮಾರ್ ಒಂದು ಖಾಸಗಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಅವನ ಮದುವೆಯ ಕರೆಯೋಲೆಯಲ್ಲಿ ಪಿರಿಯಾಪಟ್ಟಣದ ಮಾವನವರು ಮುಂದಾಲೋಚನೆ ಮಾಡಿ 'ಡಾ|| ಶಶಿಕುಮಾರ್' ಎಂದೇ ಅಚ್ಚು ಹಾಕಿಸಿಬಿಟ್ಟಿದ್ದರು. ಮದುವೆಯಾಗಿ ಆರು ವರ್ಷ, ಪಿಎಚ್.ಡಿ.ಗೆ ಸೇರಿ ಏಳು ವರ್ಷ. ಅಕ್ಷರ ಅಚ್ಚಾಗಿತ್ತು, ಡಾಕ್ಟರೇಟು ಹಸಿಯಾಗಿಯೇ ಇತ್ತು. ಅತ್ತೆ ಯಶೋದಮ್ಮ ಬಂದಾಗಲೆಲ್ಲ ಆ ಕರೆಯೋಲೆಯನ್ನು ಬೀರುವಿನಿಂದ ತೆಗೆದು, ಸೆರಗಿನಲ್ಲಿ ಒರೆಸಿ, "ಅಚ್ಚಾದ್ದು ಸುಳ್ಳಾಗ್ಬಾರ್ದು ಅಳಿಯಂದ್ರೇ" ಎಂದು ನಿಟ್ಟುಸಿರು ಬಿಡುತ್ತಿದ್ದರು. ಆಗೆಲ್ಲ ಶಶಿಕುಮಾರನಿಗೆ ಉಂಗುಷ್ಠದಿಂದ ನೆತ್ತಿಯವರೆಗೆ ಮೈ ಉರಿಯುತ್ತಿತ್ತು.

ಈಗ ವಿಶ್ವವಿದ್ಯಾನಿಲಯದಿಂದ ಕಾಗದ ಬಂದಿತ್ತು. ಮೂವರು ತಜ್ಞರು ಊರಿಗೇ ಬಂದು ಕೆಲಸ ನೋಡುತ್ತಾರೆ. ಅವರು ಒಪ್ಪಿದರೆ ಸೋಮವಾರ ಮೈಸೂರಿನಲ್ಲಿ ಕೊನೆಯ ಮೌಖಿಕ ಪರೀಕ್ಷೆ, ಅಲ್ಲಿಗೆ 'ಡಾ' ಖಾಯಂ. ಒಪ್ಪದಿದ್ದರೆ ನೋಂದಣಿ ರದ್ದು.

ಸಂಶೋಧನೆಯ ವಿಷಯವೇನೋ ಘನವಾದದ್ದೇ. ಸೀತಾಳೆ ಸಿಡುಬಿಗೆ ಆ ಸೀಮೆಯಲ್ಲಿ 'ಅಮ್ಮ' ಎನ್ನುತ್ತಾರಷ್ಟೆ. ಅಮ್ಮ ಬರುತ್ತಾಳೆ, ಏಳುತ್ತಾಳೆ, ಇಳಿಯುತ್ತಾಳೆ. ಈ ಅಮ್ಮ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಾಳೆಂದು ವೈದ್ಯಶಾಸ್ತ್ರ, ಗಣಕ ಜೀವಶಾಸ್ತ್ರ, ಧರ್ಮ ಅಧ್ಯಯನ ಮೂರನ್ನೂ ಒಂದೇ ನೊಗಕ್ಕೆ ಕಟ್ಟಿ ಉಳಬೇಕಿತ್ತು.

"ಗಣಕ ಜೀವಶಾಸ್ತ್ರ ಅಂದ್ರೆ ಗಾಣಕ್ಕೆ ಕಟ್ಟಿದ್ ಜೀವದ್ ಶಾಸ್ತ್ರ ಅಂತ್ಲಾ ಸಾ?" ಎಂದು ಕೇಳಿದ್ದ ಕಾಲೇಜಿನ ಅಟೆಂಡರ್ ಹುಚ್ಚಯ್ಯ. ಏಳು ವರ್ಷದಿಂದ ಸುತ್ತುತ್ತಿದ್ದ ಶಶಿಕುಮಾರನಿಗೆ ಅದಕ್ಕಿಂತ ಸರಿಯಾದ ವ್ಯಾಖ್ಯಾನ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ.

ಹುಚ್ಚಯ್ಯ ಕಟ್ಟೆಮಳಲವಾಡಿಯವನೇ. ಹಾಗಾಗಿ ಅರವತ್ತು ಮನೆಗಳಿಗೆ ಪ್ರಶ್ನಾವಳಿ ಹಿಡಿದು ಹೋಗುವ ಕೆಲಸ ಅವನದಾಗಿತ್ತು. ಅದರ ಏಳನೇ ಕಲಮೇ ಜೀವಾಳ. ಧರ್ಮ ಅಧ್ಯಯನದ ಶಾಂತಲಾ ಮೇಡಂ, "ರೋಗ ಗೀಗ ಅನ್ಬಾರ್ದು. ಜನ ಹೇಗೆ ಹೇಳ್ತಾರೋ ಹಾಗೇ, ಗೌರವದಿಂದ ಕೇಳ್ಬೇಕು" ಎಂದು ತಾವೇ ಬರೆದಿದ್ದರು: 'ಅಮ್ಮ ಬಂದಿದ್ದರೇ? ಎಲ್ಲಿಂದ, ಯಾವಾಗ ಬಂದರು? ಎಷ್ಟು ದಿನ ಇದ್ದರು? ಮೈ ಉರಿ ಇತ್ತೇ? ಹೇಗೆ ಕಳಿಸಿಕೊಟ್ಟಿರಿ?'

ಅಂದು ಬೆಳಿಗ್ಗೆ ಹೆಂಡತಿ ಅನುಶ್ರೀ ಗಂಡನ ಕಾಲರ್ ಸರಿಮಾಡುತ್ತ, "ರೀ, ಕತ್ತು ಬಿಸಿ ಇದೆಯಲ್ರೀ" ಎಂದಳು.

"ಅದು ಕಮಿಟಿ ಜ್ವರ. ಸಂಜೆಗೆ ಇಳಿಯುತ್ತೆ" ಎಂದು ಶಶಿಕುಮಾರ್ ಚಪ್ಪಲಿ ಮೆಟ್ಟಿದ.

ಬಿಳಿಕೆರೆ ದಾಟಿ ಬಂದು ಹುಣಸೂರಿನಲ್ಲಿ ಅವನನ್ನು ಹತ್ತಿಸಿಕೊಂಡ ಜೀಪಿನಲ್ಲಿ ಮೂರೂ ಶಾಸ್ತ್ರಗಳು ಒತ್ತೊತ್ತಾಗಿ ಕುಳಿತಿದ್ದವು. ಮುಂದೆ ವೈದ್ಯಶಾಸ್ತ್ರದ ಡಾ. ವೀರಭದ್ರಸ್ವಾಮಿ, ಹೆಸರಿಗೆ ತಕ್ಕ ಮೀಸೆ. ಹಿಂದೆ ಶಾಂತಲಾ ಮೇಡಂ. ಪಕ್ಕದಲ್ಲಿ ಕಂಪ್ಯೂಟರಿನ ವಸಂತ್. ಎರಡು ಸಾವಿರದ ಒಂದನೇ ಇಸವಿಯಲ್ಲಿ ಹುಣಸೂರು ತಾಲ್ಲೂಕು ಅಷ್ಟಾಗಿ ಕಂಡಿರದ ಲ್ಯಾಪ್‌ಟಾಪನ್ನು ಅವನು ತಾಂಬೂಲದ ತಟ್ಟೆಯಂತೆ ತೊಡೆಯ ಮೇಲಿಟ್ಟುಕೊಂಡಿದ್ದ.

"ಅದ್ಭುತ ರೀ ಶಶಿಕುಮಾರ್!" ವೀರಭದ್ರಸ್ವಾಮಿ ಗುಡುಗಿದರು. "ಅರವತ್ತು ಮನೇಲಿ ನಲವತ್ಮೂರು ಮನೆಗೆ ಅಮ್ಮ! ಅದರಲ್ಲೂ ವಿಶೇಷ ಏನು ಗೊತ್ತಾ? ಮೈ ಉರಿ ಬಂದಿರೋದು ಮನೆ ಯಜಮಾನನಿಗೆ ಮಾತ್ರ. ಹೆಂಗಸರು, ಮಕ್ಕಳು ಎಲ್ಲಾ ಆರಾಮ. ಪ್ರಪಂಚದಲ್ಲೆಲ್ಲೂ ಇಂಥ ಸಿಡುಬಿಲ್ಲ ಕಣ್ರೀ!"

"ಕಳಿಸಿಕೊಡೋ ಕ್ರಮ ನೋಡಿ ಸರ್" ಎಂದರು ಶಾಂತಲಾ ಮೇಡಂ, ಕಣ್ಣರಳಿಸಿ. "ಬಂದ ದಿನ ಕೋಳಿ. ಹೋಗೋ ದಿನ ಸೀರೆ, ಮಡಿಲಕ್ಕಿ. ಎಷ್ಟು ಪ್ರಾಚೀನವಾದ ಆರಾಧನೆ!"

"ಹರಡಿರೋ ದಾರಿನೂ ವಿಚಿತ್ರ" ಎಂದ ವಸಂತ್. "ಅಮ್ಮ ಕೆ.ಆರ್. ನಗರದಿಂದ ಬಿಳಿಕೆರೆಗೆ ಬಂದು, ಅಲ್ಲಿ ಅರ್ಧ ಗಂಟೆ ನಿಂತು, ಹುಣಸೂರಿಗೆ ಹೋಗ್ತಾಳೆ. ಥೇಟ್ ಸರ್ಕಾರಿ ಬಸ್ಸಿನ ಹಾಗೆ."

ಶಶಿಕುಮಾರ್ ಉಬ್ಬಿ ಪೂರಿಯಾದ. ಪೂರಿ ಚುಚ್ಚುವ ಬೆರಳು ಎರಡು ಕಿಲೋಮೀಟರ್ ದೂರದಲ್ಲಿ ಕಾಯುತ್ತಿತ್ತು.

ಮೊದಲ ಮನೆ ಸುನಂದಮ್ಮನದು. ವೀರಭದ್ರಸ್ವಾಮಿ ದನಿ ತಗ್ಗಿಸಿ ಕೇಳಿದರು: "ಅಮ್ಮ ಬಂದಿದಾರಂತೆ?"

"ಊ ಕಣ್ ಸಾಮಿ, ಉಗಾದಿ ಮುಗುದ್ ಮ್ಯಾಕೆ ಬಂದೋಳು ಇನ್ನೂ ಒಳಗೇ ಅವ್ಳೆ."

"ನೋಡಬಹುದಾ?"

"ಅದ್ಯಾಕ್ ನೋಡ್ಬಾರ್ದು? ಅವ್ವಾ! ಬಾ ಈಚೀಕೆ, ಮೈಸೂರ್‌ನೋರ್ ಬಂದವ್ರೆ!"

ಎಲೆಯಡಿಕೆ ಜಗಿಯುತ್ತ ಹೊರಬಂದಳು ಸುನಂದಮ್ಮನ ತಾಯಿ ಚಿಕ್ಕಸಿದ್ದಮ್ಮ. ಕೆಂಪು ಬಾಯಿ, ಬಿಚ್ಚಿದ ಬಿಳಿಕೂದಲು, ಹಣೆತುಂಬ ಕುಂಕುಮ. ಆಗಷ್ಟೇ ತಲೆಗೆ ನೀರು ಹಾಕಿಕೊಂಡಿದ್ದಳು. ಶಾಂತಲಾ ಮೇಡಂ ಗಬಕ್ಕನೆ ಎರಡೂ ಕೈ ಮುಗಿದರು.

"ತಾಯೀ, ಯಾವ ದಿಕ್ಕಿನಿಂದ ಬಂದೆ?"

"ಕೆ.ಆರ್. ನಗರದ್ ದಿಕ್ಕಿಂದ ಕಣವ್ವ. ಕೆಂಪು ಬಸ್ನಾಗೆ."

"ಯಾಕೆ ಬಂದೆ ತಾಯೀ? ಏನು ಅಪಚಾರ ಆಯಿತು?"

"ಇನ್ನೇನು? ಈ ಅಳಿಯ ಅನ್ನುಸ್ಕಂಡೋನ್ ನೆಟ್ಟಗವ್ನಾ? ಎರಡು ಮಾತಾಡಿ, ಬುದ್ಧಿ ಕಲ್ಸ್‌ಬುಟ್ ಓಗವಾ ಅಂತ ಬಂದೆ."

ಜಗಲಿಯ ಮೂಲೆಯಲ್ಲಿ ಬೀಡಿ ಹಚ್ಚುತ್ತಿದ್ದ ಅಳಿಯ ಮೆಲ್ಲಗೆ, "ಬಂದಾಗಿಂದ ಮೈ ಉರೀತಾ ಅದೆ ಸಾ" ಎಂದ.

ವೀರಭದ್ರಸ್ವಾಮಿ ಅವನ ನಾಡಿ ಹಿಡಿದರು. ಶಶಿಕುಮಾರ್ ಬಾಗಿಲಲ್ಲಿ ಕಾಯುತ್ತಿದ್ದ ಹುಚ್ಚಯ್ಯನ ಕೈ ಹಿಡಿದು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಹಿಂದಕ್ಕೆ ಎಳೆದುಕೊಂಡು ಹೋದ.

"ಹುಚ್ಚಯ್ಯ, ಏಳನೇ ಕಲಂ ಹೇಗೆ ಕೇಳ್ದೆ? ಬರೆದಿದ್ದಂಗೇ ಕೇಳಿದ್ಯಾ?"

"ಬರ್ದಿದ್ದಂಗೇ ಕೇಳೋಕಾಯ್ತದಾ ಸಾ? ಅ... ಅದೇ, ಆಯಮ್ಮನ್ ಎಸರ್ನ ಮನೆ ಬಾಗ್ಲಲ್ಲಿ ನಿಂತ್ಕಂಡ್ ಕರುದ್ರೆ, 'ಯಾರೋ ಕೂಗುದ್ರಲ್ಲ' ಅಂತ ಬಂದ್ಬುಡ್ತಾಳೆ! ಮಕ್ಕಳು ಮರಿ ಇರೋ ಊರು. ಅದ್ಕೆ ಒಸಿ ತಿದ್ಕಂಡೆ. 'ಅವ್ವ ಬಂದಿದ್ಲಾ?' ಅಂತ ಕೇಳ್ದೆ. ಅರ್ಥ ಒಂದೇ ಅಲ್ವಾ ಸಾ?"

'ಮ್ಮ' ಹೋಗಿ 'ವ್ವ' ಬಂದಿತ್ತು. ನಲವತ್ತಮೂರು ಮನೆಗಳಲ್ಲಿ ಎದ್ದಿದ್ದದ್ದು ಸಿಡುಬಲ್ಲ, ಹೆಣ್ಣು ಕೊಟ್ಟ ಅತ್ತೆಯಂದಿರು! ಹಬ್ಬ ಕಳೆದ ಮೇಲೆ ಮಗಳನ್ನು ನೋಡಲು ಬಂದು, ಕೋಳಿಸಾರು ಉಂಡು, ಅಳಿಯನ ಮೈ ಉರಿಸಿ, ಸೀರೆ ಉಟ್ಟು ಹೋದವರು! ಶಶಿಕುಮಾರನಿಗೆ ಬ್ಯಾರನ್ನಿನ ಗೋಡೆಯ ಮೇಲೆ ತನ್ನ ಮದುವೆಯ ಕರೆಯೋಲೆ ಕಂಡಿತು. ಅದರೊಳಗಿನ 'ಡಾ' ಎದ್ದು ಹೋಗಿ ಎರಡು ಗೀಟುಗಳಷ್ಟೇ, ಹೆಣ ಹೊರುವ ಬಿದಿರಿನಂತೆ, ಉಳಿದಿದ್ದವು.

"ಒಂದಾದ್ರೂ ನಿಜವಾದ ಅಮ್ಮ ಸಿಗ್ಬೇಕು ಹುಚ್ಚಯ್ಯ. ಒಂದೇ ಒಂದು!"

ಅಲ್ಲಿಂದ ಶಶಿಕುಮಾರ್ ಬೀದಿ ಹಿಡಿದ. ತಜ್ಞರು ಚಿಕ್ಕಸಿದ್ದಮ್ಮನ ಮುಂದೆ ಕೂತು ಬರೆದುಕೊಳ್ಳುತ್ತಿರುವಷ್ಟರಲ್ಲಿ ಮನೆಮನೆಯ ಬಾಗಿಲಿಗೆ ಹೋಗಿ, ಗಂಟಲು ಹರಿಯುವಂತೆ ಕೂಗಿದ: "ಅಮ್ಮ ಬಂದಿದಾರಾ? ಅಮ್ಮಾ! ಅಮ್ಮ ಇದೀರಾ ಅಮ್ಮಾ?"

"ಮುಂದಕ್ಕೋಗಪ್ಪ, ಇನ್ನೂ ಅಟ್ಟಿಲ್ಲ" ಎಂದಳು ಸಾಕಮ್ಮ, ತಲೆಯನ್ನೂ ಎತ್ತದೆ. ಇನ್ನೊಂದು ಮನೆಯಲ್ಲಿ ತಂಗಳುಮುದ್ದೆಯನ್ನೇ ತಂದು ಚಾಚಿದರು.

ಹಿಂದೆ ಎರಡೂ ಕಿವಿ ಮುಚ್ಚಿಕೊಂಡು ಓಡಿಬರುತ್ತಿದ್ದ ಹುಚ್ಚಯ್ಯ ಅಂಗಲಾಚಿದ: "ಕರೀಬ್ಯಾಡಿ ಸಾ! ನಿಮ್ ದಮ್ಮಯ್ಯ, ಕರೀಬ್ಯಾಡಿ! ಬಂದ್ಬುಡ್ತಾಳೆ!"

"ಬರಲಿ ಅಂತಾನೇ ಕಣಯ್ಯ ಕರೀತಿರೋದು!"

ಕೂಗು ಕೇಳಿ ತಜ್ಞರೂ ಬಂದರು, ಅವರ ಹಿಂದೆ ಅರ್ಧ ಊರೂ ಬಂತು. ಮೆರವಣಿಗೆ ಚಲುವಯ್ಯನ ಮನೆ ಮುಂದೆ ನಿಂತಿತು. ಬಾಗಿಲಿಗೆ ಒಣಗಿದ ಬೇವಿನ ಸೊಪ್ಪು ಸಿಕ್ಕಿಸಿತ್ತು.

"ಈ ಮನೆ ಫಾರಂನಲ್ಲಿ 'ಇಲ್ಲ' ಅಂತಿದೆ" ಎಂದ ವಸಂತ್.

"ಇಲ್ಲ ಅಂದೋರ್ಯಾರು?" ಚಲುವಯ್ಯ ಹೊರಬಂದ. "ನಮ್ ಮಗೀಗ್ ಎದ್ದಿತ್ತಲ್ಲ! ಈ ಮೇಷ್ಟ್ರು ಫಾರಂ ಸರಿಯಾಗದಾ ಅಂತ ನೋಡಾಕೆ ಬಂದಿದ್ರು, ಅದ್ನೈದ್ ದಿನ ಆಯ್ತು. ಬ್ಯಾಡಿ ಸಾ ಅಂದ್ರೂ ಮಗೀನ ತೊಡೆ ಮ್ಯಾಲೆ ಕೂರುಸ್ಕಂಡು ಮುದ್ದು ಮಾಡುದ್ರು. ಆಯಮ್ಮಂಗೂ ಎದ್ರದೇ ಇರೋ ಗಂಡ್ಸು ಅಂದ್ಕಂಡೆ."

ಶಶಿಕುಮಾರ್ ಆ ಬೇವನ್ನು ಯುಗಾದಿ ತೋರಣವೆಂದುಕೊಂಡಿದ್ದ. ಈಗ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಮತ್ತೆ ಇಲ್ಲ ಅಂತ ಯಾಕೆ ಬರೆಸಿದೆ?" ವೀರಭದ್ರಸ್ವಾಮಿ ಗದರಿದರು.

"'ಅವ್ವ ಬಂದಿದ್ಲಾ' ಅಂತ ಹುಚ್ಚಣ್ಣ ಕೇಳ್ದ. ನಮ್ಮವ್ವ ಸತ್ತು ಮೂರ್ ವರ್ಸ ಆಯ್ತು, ಎಲ್ಲಿಂದ ಬಂದಾಳು ಅಂದೆ."

ವೀರಭದ್ರಸ್ವಾಮಿಯವರ ಮೀಸೆ ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ ಅದುರಿತು. ಶಶಿಕುಮಾರ್ ಇದ್ದದ್ದನ್ನೆಲ್ಲ ಒಪ್ಪಿಕೊಂಡು, ತಲೆ ತಗ್ಗಿಸಿ, ತನ್ನ ಏಳು ವರ್ಷ ಚರಂಡಿಯಲ್ಲಿ ಹರಿದುಹೋಗುವುದನ್ನು ನೋಡುತ್ತ ನಿಂತ.

ಆಗ ಜೀಪಿನ ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪ್ ಬಿಡಿಸಿಟ್ಟಿದ್ದ ವಸಂತ್ ಕಿರುಚಿದ: "ಸರ್! ಸರ್, ಇದು ಅದಕ್ಕಿಂತ ದೊಡ್ಡದು!"

"ಏನಯ್ಯ ದೊಡ್ಡದು, ಇವನ ತಪ್ಪಾ?"

"ರೋಗ ಹೇಗೆ ಹರಡುತ್ತೆ ಸರ್? ಜನ ಜನರ ಮನೆಗೆ ಹೋಗೋದ್ರಿಂದ. ಯಾರು ಯಾರ ಮನೆಗೆ, ಯಾವತ್ತು, ಎಷ್ಟು ದಿನ ಹೋದ್ರು ಅಂತ ಯಾರೂ ನಿಜ ಹೇಳಲ್ಲ. ಇಲ್ಲಿ ನೋಡಿ, ನಲವತ್ಮೂರು ಮನೆ ಅಳಿಯಂದ್ರು ಒಂದು ಗಂಟೆನೂ ತಪ್ಪದೆ ಲೆಕ್ಕ ಕೊಟ್ಟಿದಾರೆ! ಅಮ್ಮ ಮುಂದೆ ಯಾವ ದಾರೀಲಿ ಬರ್ತಾಳೆ ಅನ್ನೋದು ಈ ಅವ್ವಂದಿರ ದಾರೀಲೇ ಇದೆ!"

ಮೀಸೆ ನಿಧಾನವಾಗಿ ನಗೆಯಾಗಿ ಅರಳಿತು. "ಹೌದಲ್ಲವೋ! ಇಂಥ ನಕ್ಷೆಗಾಗಿ ನಾನು ಮೂವತ್ತು ವರ್ಷ ಕಾದಿದೀನಿ. ಇದನ್ನ ದಿಲ್ಲಿಗೇ ಕಳಿಸ್ತೀನಿ!"

"ಹೆಸರು ಹೇಳಿದರೆ ದೇವತೆ ಬರುತ್ತಾಳೆ ಅನ್ನೋ ನಂಬಿಕೆ!" ಶಾಂತಲಾ ಮೇಡಂ ಹುಚ್ಚಯ್ಯನ ಎರಡೂ ಕೈ ಹಿಡಿದುಕೊಂಡರು. "ಪ್ರಶ್ನೆ ಕೇಳೋಕೇ ಹೆದರಿಸಿದ ನಂಬಿಕೆ! ಉತ್ತರಗಳಲ್ಲಿ ಹುಡುಕುತ್ತಿದ್ದೆ ನಾನು, ಅದು ಪ್ರಶ್ನೆಯಲ್ಲೇ ಅಡಗಿ ಕೂತಿತ್ತು!"

ಮುಂದಿನದೆಲ್ಲ ದಿಗ್ವಿಜಯ. ಸುನಂದಮ್ಮ ತನ್ನವ್ವನಿಗೆಂದು ಕೊಯ್ದ ಕೋಳಿ ತಜ್ಞರ ಮುದ್ದೆಯ ಪಕ್ಕಕ್ಕೆ ಬಂತು. ಯಾರೋ ಶಶಿಕುಮಾರನ ಕೊರಳಿಗೆ ಸೇವಂತಿಗೆ ಹಾರ ಹಾಕಿದರು. ಚಿಕ್ಕಸಿದ್ದಮ್ಮ, "ನಮ್ಮ ಬಸ್ಸಿನ್ ದಾರೀನ ದಿಲ್ಲಿ ಗಂಟ ಮುಟ್ಸಿದ ಮಗ" ಎಂದು ದೃಷ್ಟಿ ತೆಗೆದಳು. ವೀರಭದ್ರಸ್ವಾಮಿ ಕೈ ತೊಳೆದು, ಬಾನೆಟ್ಟಿನ ಮೇಲೇ ಶಿಫಾರಸಿಗೆ ಸಹಿ ಹಾಕಿದರು. "ಸೋಮವಾರ ಬಾ. ಮಂಗಳವಾರದಿಂದ ನೀನು ಡಾಕ್ಟರ್ ಶಶಿಕುಮಾರ್!"

ಹೊರಡುವ ಮುನ್ನ ವಸಂತ್ ತಮಾಷೆಗೆ, ಹದಿನೈದು ದಿನದಿಂದ ಇವತ್ತಿನವರೆಗಿನ ಓಡಾಟವನ್ನೆಲ್ಲ ಸೇರಿಸಿ, ಅಮ್ಮ ಮುಂದೆ ಹೋಗುವ ಮನೆ ಯಾವುದೆಂದು ಕಂಪ್ಯೂಟರನ್ನು ಕೇಳಿದ. ಅದು ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ ಒಂದು ಚುಕ್ಕಿಯನ್ನು ಕಟ್ಟೆಮಳಲವಾಡಿಯಿಂದ ಹೊರಗೆ, ಹುಣಸೂರಿನ ಮೇಲೆ ಇಟ್ಟಿತು. ಇವತ್ತು ಎಲ್ಲರಿಗಿಂತ ಹೆಚ್ಚು ಮನೆ ಸುತ್ತಿದವನ ಮನೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಎಲ್ಲರಿಗಿಂತ ಜೋರಾಗಿ ಶಶಿಕುಮಾರ್ ನಕ್ಕ. ನಗುವಾಗ ಬೆನ್ನು ತುರಿಸಿತು. ಹಾರದ ಸೇವಂತಿಗೆ ಎಂದುಕೊಂಡ.

ಸಂಜೆ ಹಾರ ತೆಗೆಯಲು ಬಂದ ಅನುಶ್ರೀ ಕೈ ತಡೆದಳು. "ರೀ, ಎದೆ ಮೇಲೇನ್ರೀ ಇದು, ಕಡಲೆಕಾಳು ಎಣಿಸಿಟ್ಟಂಗೆ?"

ಕಂಪ್ಯೂಟರ್ ಗೆದ್ದಿತು. ಮಗುವಿನಿಂದ ಅಂಟಿ ಹದಿನೈದು ದಿನಕ್ಕೆ ಸರಿಯಾಗಿ ಎದ್ದದ್ದರಿಂದ ವೈದ್ಯಶಾಸ್ತ್ರವೂ ಗೆದ್ದಿತು. ಸುದ್ದಿ ಕೇಳಿ ಹೊಸಿಲಾಚೆಯೇ ನಿಂತ ಹುಚ್ಚಯ್ಯ, "ಬಡ್ಕಂಡೆ ಸಾ, ಕರೀಬ್ಯಾಡಿ ಅಂತ. ಮನೆಮನೆ ಬಾಗ್ಲಲ್ಲೂ ನಿಂತು ಕರುದ್ರೆ ಬರ್ದೇ ಇರಕ್ಕೆ ಆಯಮ್ಮಂಗೇನ್ ಕಿವುಡಾ?" ಎಂದಾಗ ಧರ್ಮ ಅಧ್ಯಯನವೂ ಗೆದ್ದುಬಿಟ್ಟಿತು. ಮೂರು ಶಾಸ್ತ್ರಗಳೂ ಒಂದೇ ದಿನ, ಒಬ್ಬನೇ ಮನುಷ್ಯನ ಮೇಲೆ ಗೆದ್ದ ಉದಾಹರಣೆ ಹಿಂದೆ ಇರಲಿಲ್ಲ. ಗೆದ್ದವುಗಳ ಅಡಿಯಲ್ಲಿ, ಬೇವಿನ ಸೊಪ್ಪಿನ ಮೇಲೆ, ಶಶಿಕುಮಾರ್ ಮಲಗಿದ್ದ. ಅಮ್ಮ ಇಳಿದು ತಲೆಗೆ ಮೂರು ನೀರು ಬೀಳುವ ತನಕ ಹೊಸಿಲು ದಾಟುವಂತಿಲ್ಲ. ಸೋಮವಾರ ಹೊಸಿಲಾಚೆ ಉಳಿಯಿತು.

ಫೋನಿನಲ್ಲಿ ವೀರಭದ್ರಸ್ವಾಮಿ ಆನಂದದಿಂದ ಗುಡುಗಿದರು: "ಶಭಾಷ್! ನಮ್ಮ ನಕ್ಷೆ ಹೇಳಿದ ಮೊದಲನೇ ಕೇಸೇ ನೀನು! ಆದ್ರೆ ಒಂದು ತೊಡಕು ಕಣಯ್ಯ. ನೀನೀಗ ಸಂಶೋಧಕ ಅಲ್ಲ, ಪುರಾವೆ. ನಿನ್ನನ್ನೂ ಸೇರಿಸಿ ಥೀಸಿಸ್ಸು ಮೊದಲಿಂದ ಬರಿ. ಬರೋ ವರ್ಷ ನೋಡೋಣ."

ರಿಸೀವರ್ ಇಡುವಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತಿತು. ಪಿರಿಯಾಪಟ್ಟಣದ ಬಸ್ಸಿಳಿದು, ಎರಡು ಕೈಚೀಲ ಹಿಡಿದು ಯಶೋದಮ್ಮ ಒಳಗೆ ಬಂದರು. ಅಳಿಯನನ್ನು ನೋಡಿ, ಬೀರುವಿನತ್ತ ನೋಡಿ, "ಅಚ್ಚಾದ್ದು..." ಎಂದು ಶುರುಮಾಡಿದರು.

ಹೊಸಿಲಾಚೆಯಿಂದ ಹುಚ್ಚಯ್ಯ ಹೊಸ ಫಾರಂ ಬಿಡಿಸಿ, ಪೆನ್ನಿನ ಟೋಪಿ ಕಚ್ಚಿ ತೆಗೆದ. "ಏಳಿ ಸಾ."

"ಏಳ್ಬಾರ್ದು ಅಂದಿದಾರಪ್ಪ."

"ಮ್ಯಾಕ್ಕೇಳೋದಲ್ಲ ಸಾ, ಬಾಯ್ಬುಟ್ಟು ಏಳಿ. ಏಳ್ನೇ ಕಲಂಗೆ ಏನ್ ಬರ್ಕಳ್ಳಿ? ಬಂದಿರೋದು ಅಮ್ಮನೋ, ಅವ್ವನೋ?"

"ಎರಡೂ ಬರ್ಕೋ."

"ಮೈ ಉರಿ?"

"ಅದೆ" ಎಂದ ಶಶಿಕುಮಾರ್, ಕಣ್ಣು ಮುಚ್ಚಿ. "ಯಾವ್ದ್ರಿಂದ ಅಂತ ಮಾತ್ರ ಬರೀಬೇಡ. ಇವ್ರು ಇನ್ನೂ ಇಲ್ಲೇ ಇದಾರೆ."