ಮೂವತ್ತೇಳಕ್ಕೆ ಎಂಟ್ರೆನ್ಸು

ಮೂವತ್ತೇಳನೇ ವಯಸ್ಸಿನಲ್ಲಿ ಪರೀಕ್ಷೆಗೆ ಕಟ್ಟಿದ ಹೆಂಗಸು ತೆಪ್ಪಗೆ ಕೂತರೂ ಏನಾದರೊಂದು ಆಗಿಯೇ ಆಗುತ್ತದೆ. ನನಗಂತೂ ಅರ್ಜಿ ತುಂಬಿದ ದಿನದಿಂದಲೇ ಶುರು.

ನಮ್ಮೂರು ಕರ್ಕಿ. ಹೊನ್ನಾವರದ ಒಂದು ಶಾಲೆಯಲ್ಲಿ ಹನ್ನೊಂದು ವರ್ಷದಿಂದ ತಾತ್ಕಾಲಿಕ ಟೀಚರು ನಾನು. ಎಂ.ಎ. ಮುಗಿಸಿದರೆ ಮಾತ್ರ ಕಾಯಂ ಎಂದರು. ಆ ಸೀಟಿಗೆ ಕಂಪ್ಯೂಟರಿನಲ್ಲಿ ಪ್ರವೇಶ ಪರೀಕ್ಷೆ. ಅತ್ತೆ ಮೂರು ದಿನ ಯೋಚಿಸಿ ಅಪ್ಪಣೆ ಕೊಟ್ಟರು: "ಒಂದೇ ಸಲ. ಆಗ್ದಿದ್ರೆ ಮತ್ತೆ ಈ ಸುದ್ದಿ ಎತ್ತಲಿಲ್ಲೆ."

ಫೋಟೋ

ಅರ್ಜಿಗೆ ಫೋಟೋ ಬೇಕಿತ್ತು. ಸ್ಟುಡಿಯೋದವನಿಗೆ ಗಂಡಿನ ಕಡೆಗೆ ಕಳಿಸುವ ಹುಡುಗಿಯರ ಫೋಟೋ ತೆಗೆದೇ ಅಭ್ಯಾಸ. ಎಂತಕ್ಕೆ ಎಂದು ಕೇಳಲೂ ಇಲ್ಲ. ಕಣ್ಣ ಕೆಳಗಿನ ಕಪ್ಪು ಅಳಿಸಿ, ಗಲ್ಲ ಸಣ್ಣ ಮಾಡಿ, ಇಪ್ಪತ್ತೆರಡರ ಕನ್ಯೆಯನ್ನು ಕೈಗಿಟ್ಟ. ಗಂಡ ನೋಡಿ, "ಯಾರಿದು? ಯಾವ ಊರ ಸಂಬಂಧ?" ಎಂದರು.

ಬೇರೆ ತೆಗೆಸಿಕೊಂಡು ಬಂದೆ. ಮೊದಲಿನದು ಈಗ ಅವರ ಪರ್ಸಿನಲ್ಲಿದೆ.

ಖಚಿತವೇ?

ಅಣಕು ಪರೀಕ್ಷೆಗೆಂದು ಹೊನ್ನಾವರದ ಕಂಪ್ಯೂಟರ್ ಸೆಂಟರಿಗೆ ಸೇರಿದೆ. ಕಲಿಸುವವಳು ನನಗಿಂತ ಹದಿನೈದು ವರ್ಷ ಚಿಕ್ಕವಳು. ಮೊದಲ ದಿನ ಎಲ್ಲ ಉತ್ತರಿಸಿ 'ಸಬ್ಮಿಟ್' ಒತ್ತಿದೆ. "ನೀವು ಸಲ್ಲಿಸುವುದು ಖಚಿತವೇ?" ಎಂದು ಪರದೆ ಕೇಳಿತು. 'ಇಲ್ಲ' ಒತ್ತಿ ಮೊದಲಿನಿಂದ ನೋಡಿದೆ. ಮತ್ತೆ ಸಬ್ಮಿಟ್, ಮತ್ತೆ ಅದೇ ಪ್ರಶ್ನೆ, ಮತ್ತೆ 'ಇಲ್ಲ'. ಹೀಗೆ ತಿದ್ದಿ ತಿದ್ದಿ, ಸರಿಯಿದ್ದ ಆರು ಉತ್ತರ ತಪ್ಪು ಮಾಡಿದೆ.

"ಎಂತಕ್ಕೆ ಮೇಡಂ ಪ್ರತಿ ಸಲ ಇಲ್ಲ ಒತ್ತೂದು?"

"ನಮ್ಮನೆಯಲ್ಲಿ ಅತ್ತೆ 'ಸಾರಿಗೆ ಉಪ್ಪು ಹಾಕಿದ್ಯಾ?' ಅಂತ ಎರಡನೇ ಸಲ ಕೇಳಿದರೆ, ನಾನು ಹಾಕಿರೋದಿಲ್ಲ."

ಅವಳು ನನ್ನ ಮೌಸ್ ಹಿಡಿದು ತಾನೇ 'ಹೌದು' ಒತ್ತಿದಳು. "ಇದು ಎಲ್ಲರ ಹತ್ರವೂ ಕೇಳ್ತದೆ ಮೇಡಂ. ನಿಮ್ಮ ಅತ್ತೆ ಅಲ್ಲ."

ಪಿನ್ನು

ಪರೀಕ್ಷಾ ಕೇಂದ್ರ ಬಿದ್ದದ್ದು ಭಟ್ಕಳದಲ್ಲಿ. ಪರೀಕ್ಷೆಗೆ ಮರ್ಯಾದೆಯಾಗಿ ಹೋಗಬೇಕೆಂದು ಅತ್ತೆ ತಮ್ಮ ಹೊಸ ಸೀರೆಯನ್ನೇ ಉಡಿಸಿ ಬಸ್ಸು ಹತ್ತಿಸಿದರು. ಗೇಟಿನಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದ ಹೆಂಗಸು ಭುಜಕ್ಕೆ ತಂದಳು, ಕೂಗಿತು. ಸೊಂಟಕ್ಕೆ ತಂದಳು, ಕೂಗಿತು. "ಪಿನ್ನೆಲ್ಲ ತೆಗೀರಿ" ಎಂದಳು. ಒಂಬತ್ತು ಪಿನ್ನು ಡಬ್ಬಿಗೆ ಬಿತ್ತು. ಜಾರುವ ಸಿಲ್ಕು! ಎರಡು ತಾಸು ಎಡಗೈಯಲ್ಲಿ ನೆರಿಗೆ, ಬಲಗೈಯಲ್ಲಿ ಮೌಸ್ ಹಿಡಿದು ಕೂತೆ. ಯಾವುದು ಕೈಬಿಟ್ಟರೂ ಮಾನ ಹೋಗುತ್ತಿತ್ತು.

ರಿಸಲ್ಟು

ಫಲಿತಾಂಶದ ದಿನ ಮೊಬೈಲು ಗಂಡನಿಗೆ ಕೊಟ್ಟೆ. ತೊಂಬತ್ತೊಂದು ಪರ್ಸೆಂಟೈಲ್! ಸೀಟಿಗೆ ಧಾರಾಳ ಸಾಕು. ಉಸ್ಸಪ್ಪಾ ಎಂದು ಅಡುಗೆಮನೆಯ ನೆಲದ ಮೇಲೇ ಕೂತುಬಿಟ್ಟೆ, ಅತ್ತೆಯೂ ಬಂದರು.

ಅತ್ತೆಗೆ ಗಂಡ ವಿವರಿಸಿದರು: "ಆಯಿ, ನೂರು ಜನ ಇದ್ದ ಹೇಳಿ ತಿಳ್ಕ. ತೊಂಬತ್ತೊಂದು ಜನ ಇವಳ ಹಿಂದೆ ಇದ್ದ."

ಅತ್ತೆಯ ಮುಖ ಅರಳಲಿಲ್ಲ. "ಮುಂದಿದ್ದ ಒಂಬತ್ತು ಜನ ಯಾರಡ? ಕುಮಟೆಯವಾ?"

ಅತ್ತೆಯ ಅಕ್ಕನ ಮನೆ ಕುಮಟೆಯಲ್ಲಿ. ಅಲ್ಲಿನ ಸೊಸೆಯಂದಿರ ಬುದ್ಧಿವಂತಿಕೆಯ ವರ್ಣನೆ ಕೇಳಿ ಕೇಳಿ ನಮ್ಮತ್ತೆಯ ಕಿವಿ ತೂತು ಬಿದ್ದಿದೆ. ಯಾರೋ ಗೊತ್ತಿಲ್ಲ ಅತ್ತೆ ಎಂದರೆ ಕೇಳಬೇಕಲ್ಲ. ಅಲ್ಲೇ ಅಕ್ಕನಿಗೆ ಫೋನು ಹಚ್ಚಿದರು. ನನ್ನ ಹಿಂದಿನ ತೊಂಬತ್ತೊಂದು ಜನರ ಸುದ್ದಿಯನ್ನು ಎರಡೆರಡು ಸಲ ಹೇಳಿದರು. ಆಮೇಲೆ ಅವರ ಓಣಿಯಲ್ಲಿ ಈ ಸಲ ಪರೀಕ್ಷೆಗೆ ಕೂತವರು ಯಾರು ಯಾರೆಂದು ಮನೆಮನೆ ಲೆಕ್ಕದಲ್ಲಿ ವಿಚಾರಿಸಿದರು.

ಕೊನೆಗೆ ಫೋನು ಇಟ್ಟು ನನ್ನತ್ತ ತಿರುಗಿದರು.

"ಕುಮಟೆಯವು ಅಲ್ದಡ. ಹಂಗಾರೆ ಅಡ್ಡಿಲ್ಲೆ, ಹೋಗು."