ಹಿಡಿಕೆ ಇದ್ದ ಬಟ್ಟೆ ಕುಂಡಗಳು

ಟೊಮೆಟೊ ಬೆಳೆಯುವುದರಲ್ಲಿ ದೇವರಿಗೇ ಒಂದು ಸಂದೇಹ ಬಂದರೆ ಆತ ಎಸ್‌ಲಿಂಗನ್ ಊರಿಗೆ ಇಳಿದು, ಮೂರು ಮಹಡಿ ಹತ್ತಿ, ಒಟ್ಮಾರ್ ಶಾಯ್ಫೆಲೆಯ ಮನೆಯ ಗಂಟೆ ಒತ್ತಬೇಕು. ಇದು ಒಟ್ಮಾರನ ಸ್ವಂತ ಅಭಿಪ್ರಾಯ. ಊರಾಚೆಯ ತೋಟಗಾರರ ಸಂಘದಲ್ಲಿ ಅವನಿಗೆ ಒಂದು ತುಂಡು ನೆಲವಿತ್ತು. ಅಲ್ಲಿ ಬೆಳೆದ ಟೊಮೆಟೊಗೆ ಒಂಬತ್ತು ಸಲ ಬಹುಮಾನ ಬಂದಿತ್ತು. ನಿವೃತ್ತಿಗೆ ಮೊದಲು ಮೂವತ್ತನಾಲ್ಕು ವರ್ಷ ಟ್ರಾಮಿನಲ್ಲಿ ಟಿಕೆಟ್ ತಪಾಸಣೆ ಮಾಡಿದ ಮನುಷ್ಯ. ಹೀಗಾಗಿ ಗಿಡ, ಕಾನೂನು ಎರಡರಲ್ಲೂ ತನ್ನನ್ನು ಮೀರಿಸುವವರು ಹುಟ್ಟಿಲ್ಲ ಎಂಬ ಧೈರ್ಯ ಅವನಿಗೆ!

ಆ ವಸಂತದಲ್ಲಿ ಹೊಸ ಕಾನೂನು ಬಂತು. ವಯಸ್ಕರು ತಲಾ ಮೂರು ಗಾಂಜಾ ಗಿಡಗಳನ್ನು ಸ್ವಂತ ಮನೆಯೊಳಗೆ ಬೆಳೆಸಿಕೊಳ್ಳಬಹುದು. ಅವನ ಹೆಂಡತಿ ಇರ್ಮ್‌ಟ್ರೌಟ್ ಹೊಲಿಗೆಯವಳು. ಎರಡು ವರ್ಷದಿಂದ ಅವಳ ಬೆರಳ ಗಂಟುಗಳು ಊದಿಕೊಂಡು, ಬೆಳಿಗ್ಗೆ ಅಂಗಿಯ ಗುಂಡಿ ಹಾಕಲೂ ಆಗುತ್ತಿರಲಿಲ್ಲ. ಈ ಗಿಡದಿಂದ ನೋವು ತಗ್ಗಬಹುದು ಎಂದು ವೈದ್ಯೆ ಹೇಳಿದ್ದೇ ತಡ, ಮಧ್ಯಾಹ್ನ ಬೇಳೆ ಮತ್ತು ಶಾವಿಗೆಯ ಊಟದ ನಡುವೆ ಒಟ್ಮಾರ್ ಮೇಜು ಗುದ್ದಿದ.

"ಇರ್ಮಿ, ನಿನ್ನ ಕೈನೋವಿಗೆ ಇನ್ನು ಯಾರ ಅಂಗಡಿ ಬಾಗಿಲಿಗೂ ಹೋಗ್ಬೇಡ. ನಾನೇ ಬೆಳೀತೀನಿ!"

"ಏನನ್ನ?"

"ಗಾಂಜಾ! ಈ ಬೀದೀಲಿ ಯಾರೂ ಕಂಡಿರಬಾರದು, ಅಂಥದ್ದು!"

"ಮೊದಲು ಬೇಳೆ ತಿನ್ನು. ತಣ್ಣಗಾಗ್ತಿದೆ."

ಅವನು ತಿನ್ನಲಿಲ್ಲ. ಕಾನೂನಿನ ಪ್ರತಿ ತೆಗೆದು, ಕನ್ನಡಕ ಏರಿಸಿ, ಪಾಠ ಶುರು ಮಾಡಿದ. "ನೋಡು, ನನಗೆ ಮೂರು, ನಿನಗೆ ಮೂರು. ಒಟ್ಟು ಆರು. ಆದ್ರೆ ನನ್ನ ಗಿಡದಿಂದ ನಿನಗೆ ಒಂದು ಎಸಳು ಕೊಟ್ರೂ ಅಪರಾಧ."

"ಗಂಡ ಹೆಂಡ್ತಿ ಆದ್ರೂನಾ?"

"ಕಾನೂನಿಗೆ ಗಂಡ ಹೆಂಡ್ತಿ ಎಲ್ಲಾ ಗೊತ್ತಿಲ್ಲ ಕಣೇ! ಅವರವರ ಗಿಡ ಅವರವರಿಗೆ. ಹೆಸರಿನ ಚೀಟಿ ಹಾಕ್ತೀನಿ."

ಮನೆಯಲ್ಲಿ ಬೀಗ ಹಾಕಬಹುದಾದ ಕೋಣೆ ಒಂದೇ: ಇರ್ಮ್‌ಟ್ರೌಟಳ ಹೊಲಿಗೆ ಕೋಣೆ. ಹೊಲಿಗೆ ಯಂತ್ರ ಅದೇ ಸಂಜೆ ಅಡುಗೆಮನೆಗೆ ವರ್ಗವಾಯಿತು. ಖಾಲಿಯಾದ ಜಾಗದಲ್ಲಿ ಒಳಗೆಲ್ಲ ಬೆಳ್ಳಿಬಣ್ಣದ ಒಂದು ಗುಡಾರ, ಅದರ ನೆತ್ತಿಯಲ್ಲಿ ಸೂರ್ಯನಿಗೇ ಸವಾಲು ಹಾಕುವ ದೀಪ, ಒಂದು ಫ್ಯಾನು. ಗಂಡ ನನಗೋಸ್ಕರ ಇಷ್ಟೆಲ್ಲ ಮಾಡುತ್ತಿದ್ದಾನಲ್ಲ ಎಂದು ಆಕೆಗೆ ಮೊದಮೊದಲು ನಿಜಕ್ಕೂ ಖುಷಿಯಾಗಿತ್ತು. ಅದನ್ನೂ ಹೇಳಬೇಕು.

ಕುಂಡಗಳ ವಿಷಯ ಬಂತು. ಬೇರಿಗೆ ಗಾಳಿಯಾಡಬೇಕು, ಅದಕ್ಕೆ ಬಟ್ಟೆ ಕುಂಡವೇ ಆಗಬೇಕಂತೆ. ಅಂಗಡಿಯಲ್ಲಿ ರಾಶಿ ಸಿಗುತ್ತವೆ. "ಮನೇಲಿ ಹೊಲಿಗೆಯವಳನ್ನ ಇಟ್ಕೊಂಡು ಚೀಲ ಕೊಂಡು ತರೋದಾ?" ಎಂದ ಒಟ್ಮಾರ್. ಇರ್ಮ್‌ಟ್ರೌಟ್ ದಪ್ಪ ಬೂದು ಬಣ್ಣದ ಉಣ್ಣೆಬಟ್ಟೆ ತೆಗೆದು ಮೂರು ದಿನ ಕೂತು ಆರು ಕುಂಡ ಹೊಲಿದಳು. ಒಂದೊಂದು ಹೊಲಿಗೆ ಮುಗಿದಾಗಲೂ ಎದ್ದು ಹೋಗಿ ಬಿಸಿನೀರಿನ ನಲ್ಲಿಯ ಕೆಳಗೆ ಬೆರಳು ಹಿಡಿದು ನಿಲ್ಲುತ್ತಿದ್ದಳು. ಕೈನೋವಿನ ಔಷಧಿಗೆ ಚೀಲ ಹೊಲಿದು ಕೈನೋವು ದುಪ್ಪಟ್ಟಾಗಿತ್ತು! ಒಟ್ಮಾರ್ ಆಗ ಇಂಟರ್‌ನೆಟ್ಟಿನಲ್ಲಿ ದೀಪಗಳ ಬಗ್ಗೆ ಯಾರೊಡನೆಯೋ ವಾದಕ್ಕೆ ಬಿದ್ದಿದ್ದ.

ಕುಂಡಗಳು ಸಿದ್ಧವಾದಾಗ ಅವನು ಟಿಕೆಟ್ ನೋಡುವ ಹಾಗೆ ಒಂದೊಂದನ್ನೂ ತಿರುಗಿಸಿ ನೋಡಿದ. "ಮೊದಲ ಮೂರು ನೆಟ್ಟಗಿವೆ. ಕೊನೇ ಮೂರರ ಹೊಲಿಗೆ ಸೊಟ್ಟ. ಇವು ನೆಟ್ಟಗಿರೋವು ನನಗೆ, ಸೊಟ್ಟದವು ನಿನಗೆ. ಅದಿರಲಿ, ಇಷ್ಟುದ್ದ ಹಿಡಿಕೆ ಯಾಕೆ?"

"ಎತ್ಕೊಂಡು ಹೋಗೋಕೆ. ಬೆರಳಲ್ಲಿ ಹಿಡಿಯೋಕಾಗಲ್ಲ ನಂಗೆ. ಮೊಣಕೈಗೆ ತೂಗಿಹಾಕ್ಕೋಬಹುದು."

"ಗಿಡ ಎಲ್ಲಿಗೆ ಹೋಗುತ್ತೆ, ಹುಚ್ಚಿ!"

"ಇರಲಿ ಬಿಡು," ಎಂದಳು ಇರ್ಮ್‌ಟ್ರೌಟ್.

ಬೀಜದ ಪೊಟ್ಟಣದ ಜೊತೆ ಒಂದು ಚೀಟಿ ಬಂದಿತ್ತು. ಆಕೆ ಅದನ್ನು ಪೂರ್ತಿ ಓದಿದಳು. "ಒಟ್ಮಾರ್, ಇದು ತಾನಾಗೇ ಹೂಬಿಡೋ ತಳಿಯಂತೆ. ವಯಸ್ಸಿಗೆ ಬಂದ ತಕ್ಷಣ ಹೂಬಿಡುತ್ತೆ, ದೊಡ್ಡದಾಗಿರಲಿ ಚಿಕ್ಕದಾಗಿರಲಿ, ಯಾರಿಗೂ ಕಾಯಲ್ಲ. ಸಾರ ಕಮ್ಮಿ ಇರೋ ಮಣ್ಣು ಸಾಕಂತೆ. ಕತ್ತರಿಸ್ಬಾರ್ದು, ಕುಂಡ ಬದಲಾಯಿಸ್ಬಾರ್ದು, ಸುಮ್ನೆ ಬಿಟ್ಬಿಡಬೇಕಂತೆ."

"ಬೀಜ ಮಾರೋ ಹುಡುಗರು ನನಗೆ ಗಿಡ ಬೆಳೆಸೋದು ಹೇಳ್ಕೊಡ್ತಾರಾ?" ಒಟ್ಮಾರ್ ತನ್ನ ಮೂರು ಕುಂಡಗಳಿಗೆ ಟೊಮೆಟೊಗೆಂದು ತಾನೇ ಹದ ಮಾಡಿದ್ದ, ಗೊಬ್ಬರ ಮತ್ತು ಕೊಂಬಿನ ಪುಡಿ ಬೆರೆಸಿದ ಕಪ್ಪು ಮಣ್ಣು ತುಂಬಿದ. ಇರ್ಮ್‌ಟ್ರೌಟ್ ಚೀಟಿಯಲ್ಲಿದ್ದಂತೆ ಹಗುರ ಮಣ್ಣು ತುಂಬಿ, ಬೀಜ ಊರಿ, ನೀರು ಚಿಮುಕಿಸಿ ಅಡುಗೆಮನೆಗೆ ಹೋದಳು.

ಮೂರು ವಾರದಲ್ಲಿ ಆರೂ ಗಿಡ ಗೇಣುದ್ದ ಬಂದವು. ಒಟ್ಮಾರನ ಗಿಡದ ಎಲೆತುದಿ ಮಾತ್ರ ಸ್ವಲ್ಪ ಕರಕಲಾಗಿತ್ತು. ಅಷ್ಟರಲ್ಲಿ ಅವನ ಕೈ ತುರಿಸತೊಡಗಿತು. ಟೊಮೆಟೊ ಬೆಳೆದವನಿಗೆ ಎಲೆಯ ಕಂಕುಳಲ್ಲಿ ಚಿಗುರು ಕಂಡರೆ ಬೆರಳು ತಾನಾಗಿ ಹೋಗುತ್ತದೆ. ಚಿವುಟದೆ ಬಿಟ್ಟರೆ ಆ ದಿನ ಅನ್ನ ಇಳಿಯುವುದಿಲ್ಲ. ಚಿವುಟಿದ. ತುದಿ ಚಿವುಟಿದ, ಪಕ್ಕ ಚಿವುಟಿದ, ಬುಡ ಸವರಿದ. ತನ್ನ ಮೂರನ್ನೂ ಮುಗಿಸಿ ಹೆಂಡತಿಯ ಗಿಡಗಳ ಕಡೆ ಹೊರಳಿದಾಗ ಇರ್ಮ್‌ಟ್ರೌಟ್ ಅಡ್ಡ ನಿಂತಿದ್ದಳು.

"ಮುಟ್ಬೇಡ. ನನ್ನ ಹೆಸರಿನವು. ಅಪರಾಧ."

ಟಿಕೆಟ್ ತಪಾಸಣೆಯವನಿಗೆ ಅದಕ್ಕಿಂತ ದೊಡ್ಡ ಬೇಲಿ ಬೇಕೇ? ಗೊಣಗುತ್ತ ಹಿಂದೆ ಸರಿದ.

ಚಿವುಟಿದ ಗಿಡಗಳು ಮುನಿಸಿಕೊಂಡವು. ಒಂದು ವಾರ ಒಂದೆಲೆಯೂ ಇಲ್ಲ. "ಹಸಿವಾಗಿದೆ ಪಾಪ!" ಎಂದು ತೀರ್ಮಾನಿಸಿದ ಒಟ್ಮಾರ್ ತೋಟದಿಂದ ಎರಡು ಮೂಟೆ ತುರಿಕೆ ಸೊಪ್ಪು ತಂದು ಸ್ನಾನದ ತೊಟ್ಟಿಯಲ್ಲಿ ನೆನೆಹಾಕಿದ. ಅದು ಹತ್ತು ದಿನ ಕೊಳೆಯಬೇಕು. ತೋಟಗಾರರ ಪಾಲಿಗೆ ಅದು ಅಮೃತ. ಮೂಗಿರುವ ಉಳಿದವರ ಪಾಲಿಗೆ ಅದು ಬೇರೆಯೇ. ಅಷ್ಟೂ ದಿನ ಗಂಡಹೆಂಡತಿ ಬೋಗುಣಿಯಲ್ಲಿ ನೀರಿಟ್ಟುಕೊಂಡು ಮೈ ಒರೆಸಿಕೊಂಡರು. ಏಳನೆಯ ದಿನ ಕೆಳಮಹಡಿಯ ಶ್ರೀಮತಿ ಬಿಟ್ಸರ್ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಬಂದು ಬಾಗಿಲು ಬಡಿದಳು. ಮೆಟ್ಟಿಲು, ಅಂಗಳ, ಕಸದ ಡಬ್ಬಿ, ಆ ಕಟ್ಟಡದ ಸಮಸ್ತ ಶಿಸ್ತಿಗೂ ಆಕೆಯೇ ಒಡತಿ.

"ಶಾಯ್ಫೆಲೆಯವರೇ, ನಿಮ್ಮನೇಲಿ ಯಾರಾದ್ರೂ ತೀರ್ಕೊಂಡಿದಾರಾ?"

"ಇದು ಗಾಂಜಾ ಗಿಡದ ಆಹಾರ, ಶ್ರೀಮತಿ ಬಿಟ್ಸರ್. ಎಲ್ಲಾ ಕಾನೂನು ಪ್ರಕಾರ!"

"ಗಾಂಜಾಕ್ಕೆ ಕಾನೂನಿದೆ, ಒಪ್ದೆ. ಈ ನಾತಕ್ಕೆ ಯಾವ ಕಾನೂನಿದೆ, ಅದನ್ನ ಹೇಳಿ! ನಾಳೆ ಬೆಳಿಗ್ಗೆಯೊಳಗೆ ಇದು ಆಚೆ ಹೋಗ್ಬೇಕು."

ಮರುದಿನ ಅವನು ಎರಡೂ ಕೈಯಲ್ಲಿ ಬಕೆಟ್ ತುಂಬಿಕೊಂಡು ಗತ್ತಿನಿಂದ ಮೆಟ್ಟಿಲಿಳಿದ. ಎರಡನೆಯ ಮಹಡಿಯ ತಿರುವಿನಲ್ಲಿ ಕಾಲು ಜಾರಿತು. ಬಕೆಟ್ಟುಗಳು ಅವನಿಗಿಂತ ಮೊದಲು ಕೆಳಗೆ ತಲುಪಿದವು! ಹಸಿರು ಅಮೃತ ಗೋಡೆ, ಕಂಬಿ, ಕಾಲೊರಸು ಎಲ್ಲವನ್ನೂ ಮೀಯಿಸಿ ಶ್ರೀಮತಿ ಬಿಟ್ಸರ್‌ಳ ಹೊಸಿಲ ತನಕ ಹರಿಯಿತು.

ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ಶಾಯ್ಫೆಲೆ ಮನೆಯದು. ಅವರ ಬಾಗಿಲಿಗೆ 'ಗುಡಿಸುವ ವಾರ' ಎಂಬ ಹಲಗೆ ನೇತಾಡುತ್ತಿತ್ತು. ಸರದಿಯ ಪಟ್ಟಿ ಬರೆದವನು ಒಟ್ಮಾರನೇ. ಮೂವತ್ತೊಂದು ವರ್ಷದಿಂದ ಆ ಪಟ್ಟಿಯಲ್ಲಿ ಅವರ ಮನೆಯ ಮುಂದೆ ಇದ್ದದ್ದು ಹೆಂಡತಿಯ ಹೆಸರು. ಇರ್ಮ್‌ಟ್ರೌಟ್ ಮೊಣಕಾಲೂರಿ ಮೇಲಿಂದ ಕೆಳಗಿನವರೆಗೆ ಎರಡೆರಡು ಸಲ ಒರೆಸಿದಳು. ಒದ್ದೆ ಬಟ್ಟೆ ಹಿಂಡಲು ಬೆರಳು ಮಡಚಲಿಲ್ಲ. ಅಂಗೈಗಳ ನಡುವೆ ಒತ್ತಿ ಹಿಂಡಿದಳು. ಒಟ್ಮಾರ್ ಉಳುಕಿದ ಸೊಂಟ ಹಿಡಿದುಕೊಂಡು ಮೇಲೆ ನಿಂತು ಬೆರಳು ತೋರಿಸುತ್ತಿದ್ದ.

"ಅಲ್ಲಿ ಇನ್ನೂ ಇದೆ ನೋಡು. ಎಡಗಡೆ. ಅಲ್ಲಲ್ಲ, ನಿನ್ನ ಎಡಗಡೆ."

ಆಕೆ ತಲೆಯೆತ್ತಿ ಅವನನ್ನು ಒಂದು ಗಳಿಗೆ ನೋಡಿದಳು. ಅವನು ಆ ನೋಟವನ್ನೂ ಸೊಂಟನೋವಿನ ಬಗ್ಗೆ ಕನಿಕರ ಎಂದುಕೊಂಡ.

ಗಿಡಗಳು ಇನ್ನೂ ಏಳಲಿಲ್ಲವೆಂದು ಅವನು ಅವನ್ನು ಬೇರುಸಮೇತ ಕಿತ್ತು ಬೇರೆ ಮಣ್ಣಿಗೆ ಹಾಕಿದ. "ಎತ್ತರ ಬರಲಿ, ಆಮೇಲೆ ಹೂವು" ಎಂದು ಅಪ್ಪಣೆ ಕೊಟ್ಟ. ಅಪ್ಪಣೆ ಕೇಳುವ ತಳಿಯಲ್ಲ ಅದು! ವಯಸ್ಸು ಬಂತು, ಗೇಣುದ್ದದ ಬಡಕಲು ದಂಟಿನಲ್ಲೇ ಹೆಬ್ಬೆರಳ ಗಾತ್ರದ ಒಂದೊಂದು ಹೂವು ಬಿಟ್ಟು ಕೆಲಸ ಮುಗಿಸಿದವು. ಪಕ್ಕದಲ್ಲೇ ಇರ್ಮ್‌ಟ್ರೌಟಳ ಮೂರು ಗಿಡ ಸೊಂಟದೆತ್ತರ ಬೆಳೆದು, ಮೈತುಂಬ ಹೂವು ಹೊತ್ತು ಬಾಗಿದ್ದವು. ಆಕೆ ಮಾಡಿದ್ದು ಇಷ್ಟೇ: ನೀರು ಹಾಕಿದ್ದು, ಸುಮ್ಮನಿದ್ದದ್ದು.

ಒಟ್ಮಾರನ ಹೊಟ್ಟೆಗೆ ಬೆಂಕಿ ಬಿತ್ತು. ಭಾನುವಾರ ತೋಟದ ಸಂಘದವರು ಗಿಡ ನೋಡಲು ಬರುವವರಿದ್ದರು. ಅವನೇ ಎದೆಯುಬ್ಬಿಸಿ ಕರೆದಿದ್ದ. ಒಂಬತ್ತು ಬಹುಮಾನದ ಮರ್ಯಾದೆ! ಶುಕ್ರವಾರ ಬೆಳಿಗ್ಗೆ ಹೆಂಡತಿ ಹೊರಗೆ ಹೋದದ್ದೇ ತಡ, ಮೂವತ್ತನಾಲ್ಕು ವರ್ಷ ಊರವರ ಸುಳ್ಳು ಟಿಕೆಟ್ ಹಿಡಿದ ಮಹಾನುಭಾವ ಗುಡಾರದೊಳಗೆ ಬಗ್ಗಿ ಹೆಸರಿನ ಚೀಟಿಗಳನ್ನು ಅದಲುಬದಲು ಮಾಡಿದ.

ಇರ್ಮ್‌ಟ್ರೌಟ್ ಹನ್ನೊಂದಕ್ಕೆ ವಾಪಸಾದಳು. ಗಿಡಗಳಿಗೆ ನೀರು ಹಾಕಲು ಹೋದವಳು ಅಲ್ಲೇ ನಿಂತಳು.

"ಒಟ್ಮಾರ್, ಚೀಟಿ ಬದಲಾಗಿದೆ."

"ಛೆ! ನಿನಗೆ ಜ್ಞಾಪಕ ಇಲ್ಲ. ಇವು ನನ್ನವೇ. ಹೆಸರು ಓದು."

"ಹೆಸರು ಓದಲ್ಲ ನಾನು. ಹೊಲಿಗೆ ಓದ್ತೀನಿ." ಕುಂಡದ ಪಕ್ಕ ಬಗ್ಗಿ ಊದಿದ ಬೆರಳನ್ನು ಸೊಟ್ಟ ಹೊಲಿಗೆಯ ಮೇಲೆ ಎಳೆದಳು. "'ಸೊಟ್ಟದವು ನಿನಗೆ' ಅಂತ ನೀನೇ ಅಂದೆ. ಯಾಕೆ ಸೊಟ್ಟ ಆಯ್ತು ಅಂತ ಕೇಳ್ಲಿಲ್ಲ. ಮೂರನೇ ದಿನ ಸೂಜಿ ಹಿಡಿಯೋಕೇ ಆಗ್ತಿರಲಿಲ್ಲ ನಂಗೆ."

ಒಟ್ಮಾರನ ಮುಖ ಹುಳ್ಳಗಾಯಿತು. ಆದರೂ ಬಾಯಿ ಬಿಡಬೇಕಲ್ಲ! "ಒಂದು ಭಾನುವಾರದ ಮಟ್ಟಿಗೆ ತಾನೇ, ಇರ್ಮಿ? ಅದಕ್ಕೇನು ದೊಡ್ಡ..."

ಆಕೆ ಕೈಚೀಲದಿಂದ ಒಂದು ಕಾಗದ ತೆಗೆದು ಹೊಲಿಗೆ ಕೋಣೆಯ ಕಿಟಕಿಕಟ್ಟೆಯ ಮೇಲಿಟ್ಟಳು. ನಗರ ಕಚೇರಿಯ ಮುದ್ರೆ ಇತ್ತು. ಇರ್ಮ್‌ಟ್ರೌಟ್ ಶಾಯ್ಫೆಲೆಯ ನೋಂದಾಯಿತ ಹೊಸ ವಾಸಸ್ಥಳ: ನ್ಯೂರ್ಟಿಂಗನ್, ತಂಗಿಯ ಮನೆ. ಬೆಳಿಗ್ಗೆ ಹೋಗಿದ್ದು ಆ ಕಚೇರಿಗೆ.

"ಮೆಟ್ಟಿಲು ಒರೆಸಿದ ದಿನವೇ ಹೊರಟುಬಿಡಬೇಕು ಅಂದ್ಕೊಂಡೆ," ಎಂದಳು. "ಈಗ ಈ ಮನೇಲಿ ಒಬ್ಬನೇ ವಯಸ್ಕ. ಮೂರೇ ಗಿಡ. ಆರು ಇದ್ರೆ ಅಪರಾಧ. ಸರೀನಾ?"

ಕಾನೂನು ಪ್ರಕಾರ ಸರಿಯಾಗಿಯೇ ಇತ್ತು. ಅದೇ ಅವನಿಗೆ ಆದ ಕಷ್ಟ.

ತಂಗಿ ರೋಸ್ವಿತಾ ಆಗಲೇ ಕೆಳಗೆ ಕಾರು ನಿಲ್ಲಿಸಿಕೊಂಡಿದ್ದಳು. ಅವಳು ಮೇಲೆ ಬಂದು, ಭಾವನ ಕಡೆ ಕಣ್ಣೂ ಹಾಯಿಸದೆ, ಹೊಲಿಗೆ ಯಂತ್ರವನ್ನು ಹೊತ್ತು ಇಳಿದಳು. ಮತ್ತೆ ಬಂದು ಒಂದು ಕುಂಡ ಎತ್ತಿಕೊಂಡಳು. ಉಳಿದೆರಡರ ಹಿಡಿಕೆಗೆ ಇರ್ಮ್‌ಟ್ರೌಟ್ ತೋಳು ತೂರಿಸಿ ಮೊಣಕೈಗೆ ತೂಗಿಹಾಕಿಕೊಂಡಳು. ಅಳತೆ ಸರಿಯಾಗಿತ್ತು. ಬೆರಳು ಒಂದಕ್ಕೂ ತಾಗಲಿಲ್ಲ.

"ನಾನು ಹಿಡ್ಕೊಳ್ಳಾ?"

"ನನ್ನ ಗಿಡ ಕಣೋ. ಮುಟ್ಬೇಡ."

"ಇರ್ಮಿ, ನನಗೂ ಸೊಂಟ ನೋವಿದೆ. ನಿನ್ನದರಲ್ಲಿ ಒಂದು ಚೂರಾದ್ರೂ..."

"ಒಂದು ಎಸಳು ಕೊಟ್ರೂ ಅಪರಾಧ. ಕಾನೂನಿಗೆ ಗಂಡ ಹೆಂಡ್ತಿ ಗೊತ್ತಿಲ್ಲ, ಒಟ್ಮಾರ್."

ಭಾನುವಾರ ಸಂಘದವರು ಬಂದರು. ಬೆಳ್ಳಿಬಣ್ಣದ ಅಷ್ಟಗಲ ಗುಡಾರದ ನಡುವೆ ನಿಂತಿದ್ದ ಮೂರು ಬಡಕಲು ದಂಟುಗಳನ್ನು ಸುತ್ತುವರಿದು, ಕಾಫಿ ಕುಡಿದು, ಬಹಳ ಸಭ್ಯವಾಗಿ ಹವೆಯ ಬಗ್ಗೆ ಮಾತಾಡಿ ಹೋದರು. "ಹೆಂಡ್ತಿ ಎಲ್ಲಿ?" ಎಂದು ಒಬ್ಬ ಕೇಳಿದ. "ತಂಗಿ ಮನೆಗೆ ಹೋಗಿದಾಳೆ, ಬರ್ತಾಳೆ" ಎಂದ ಒಟ್ಮಾರ್. ಬರುತ್ತಾಳೆ ಎಂದು ಆಗ ಅವನು ನಂಬಿಯೂ ಇದ್ದ.

ಎರಡು ವಾರ ಕಳೆಯಿತು. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ ಹಲಗೆ ನೇತಾಡುತ್ತಿತ್ತು: ಗುಡಿಸುವ ವಾರ. ಅದರ ಹಿಂದೆ ಹೊಸ ಪಟ್ಟಿ, ಶ್ರೀಮತಿ ಬಿಟ್ಸರ್‌ಳ ಗುಂಡು ಅಕ್ಷರ. 'ಇರ್ಮ್‌ಟ್ರೌಟ್' ಎಂದಿದ್ದ ಕಡೆ ಈಗ 'ಒಟ್ಮಾರ್' ಎಂದಿತ್ತು. ಒಟ್ಮಾರ್ ಮನೆಯೊಳಗೆ ಬಂದು ಬೀರು ತೆರೆದ, ಮಂಚದ ಕೆಳಗೆ ಬಗ್ಗಿದ, ಸ್ನಾನದ ಕೋಣೆ ಜಾಲಾಡಿದ. ಎಲ್ಲೂ ಇಲ್ಲ. ಅರ್ಧ ಗಂಟೆ ಗೋಡೆ ನೋಡುತ್ತ ಕೂತು, ಕೊನೆಗೆ ಅಭಿಮಾನ ನುಂಗಿ ನ್ಯೂರ್ಟಿಂಗನ್‌ಗೆ ಫೋನ್ ಮಾಡಿದ. ಆ ಕಡೆ ಹೊಲಿಗೆ ಯಂತ್ರ ಓಡುತ್ತಿದ್ದ ಸದ್ದು ಕೇಳಿಸಿತು, ಆಮೇಲೆ ನಿಂತಿತು.

"ಹೇಳು," ಎಂದಳು ಇರ್ಮ್‌ಟ್ರೌಟ್.

"ಇರ್ಮಿ... ಪೊರಕೆ ಎಲ್ಲಿದೆ?"

"ಅಡುಗೆಮನೆ ಬಾಗಿಲ ಹಿಂದೆ. ಮೂವತ್ತೊಂದು ವರ್ಷದಿಂದ ಅಲ್ಲೇ ಇದೆ," ಎಂದಳು. "ನನ್ನ ಕೈ ಹೇಗಿದೆ ಅಂತ ಕೇಳೋಕೆ ನೀನು ಫೋನ್ ಮಾಡಿದೆ ಅಂದ್ಕೊಂಡೆ."